ಲೇಬಲ್ ಮೇಲಿನ ಆಂಪಿಯರ್, ಸಿಗ್ನಲ್‌ನಲ್ಲಿ ನಿಂತ ಕಾರು

"ಎಷ್ಟು ಆಂಪಿಯರ್‌ದು ಬೇಕು ಸಾರ್?"

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹಳೆಯ ಕಾರಿಗೆ ದೊಡ್ಡ ಆಲ್ಟರ್ನೇಟರ್ ಕೇಳಿದರೆ ಮೊದಲು ಬರುವ ಪ್ರಶ್ನೆ ಇದು. ನಾವು 60 ಅಂದರೆ ಅವರು 90ರದ್ದನ್ನು ಕೌಂಟರಿನ ಮೇಲಿಡುತ್ತಾರೆ. 90 ಅಂದರೆ ಒಳಗಿನಿಂದ 120ರದ್ದು ಬರುತ್ತದೆ. ಬೆಲೆಯಲ್ಲಿ ಅಂಥ ವ್ಯತ್ಯಾಸವೇನೂ ಕಾಣುವುದಿಲ್ಲ. ಹೇಗೂ ಹಾಕಿಸುತ್ತಿದ್ದೇವೆ, ದೊಡ್ಡದನ್ನೇ ಹಾಕಿಸೋಣ ಎಂದು ತಂದುಬಿಡುತ್ತೇವೆ. ಹಳೆಯ ಕಾರು ಸಾಕಿಕೊಂಡವರ ನಡುವೆ ಇದು ಈಗ ರೂಢಿ. ಲೈಟು ಮಂಕಾಯಿತೇ, ಆಲ್ಟರ್ನೇಟರ್ ಬದಲಿಸು. ಬ್ಯಾಟರಿ ಕೂತಿತೇ, ಇನ್ನೂ ದೊಡ್ಡದು ಹಾಕು. ಹಾಕಿಸಿಕೊಂಡ ಮೇಲೂ ಸಿಗ್ನಲ್‌ನಲ್ಲಿ ನಿಂತಾಗ ಹೆಡ್‌ಲೈಟ್ ಹಳದಿಗೆ ತಿರುಗುವುದನ್ನು ನೋಡಿ "ಅಂಗಡಿಯವನು ಮೋಸ ಮಾಡಿದ" ಎಂದು ಬೈಯುವವರನ್ನು ನಾನು ಬಹಳ ಕಂಡಿದ್ದೇನೆ. ಬಹುಪಾಲು ಸಂದರ್ಭಗಳಲ್ಲಿ ಯಾರೂ ಮೋಸ ಮಾಡಿರುವುದಿಲ್ಲ, ಕೇಳಿದ ಪ್ರಶ್ನೆ ತಪ್ಪಾಗಿರುತ್ತದೆ. ಕಾರು ನಿಂತಿದ್ದು ಎಂಜಿನ್ ಮಾತ್ರ ಓಡುತ್ತಿರುವಾಗ ಇದು ಎಷ್ಟು ಆಂಪಿಯರ್ ಕೊಡುತ್ತದೆ ಎಂದು ಕೇಳಬೇಕಿತ್ತು. ಈ ಒಂದು ಪ್ರಶ್ನೆಯನ್ನು ಹಿಡಿದು ನೋಡಿದರೆ ಈಗಿನ ರೂಢಿಯಲ್ಲಿ ಯಾವುದು ಸರಿ, ಯಾವುದು ದುಡ್ಡು ದಂಡ ಎಂಬುದು ತಾನಾಗಿ ತಿಳಿಯುತ್ತದೆ.

ನಮ್ಮ ಮನೆಯಲ್ಲಿರುವುದು 1977ರ ಅಂಬಾಸಿಡರ್ ಮಾರ್ಕ್ 3. ಅದೇ 1489 ಸಿಸಿ ಪೆಟ್ರೋಲ್ ಎಂಜಿನ್, ಸುಮಾರು 50 ಅಶ್ವಶಕ್ತಿ. ಅದರಲ್ಲಿದ್ದದ್ದು ಆಲ್ಟರ್ನೇಟರ್ ಅಲ್ಲ, ಉದ್ದನೆಯ ಡಬ್ಬಿಯಂಥ ಲ್ಯೂಕಾಸ್ ಸಿ40 ಡೈನಮೋ. ಅದು ಕೊಡುವ ಗರಿಷ್ಠ ಕರೆಂಟು 22 ಆಂಪಿಯರ್. ಈ ಸಂಖ್ಯೆಯನ್ನು ಕೇಳಿ ನಗುವವರಿದ್ದಾರೆ, ನನಗೆ ಮಾತ್ರ ಅದರ ಮೇಲೆ ಗೌರವ. ಲೆಕ್ಕ ಹಾಕಿ ನೋಡಿ. 55 ವ್ಯಾಟಿನ ಎರಡು ಹೆಡ್‌ಲೈಟಿಗೆ 8 ಆಂಪಿಯರ್. ಹಿಂದಿನ ದೀಪ, ಪಾರ್ಕಿಂಗ್ ದೀಪ, ಡ್ಯಾಶ್‌ಬೋರ್ಡಿನ ದೀಪಗಳಿಗೆ 3. ಇಗ್ನಿಷನ್ ಕಾಯಿಲ್‌ಗೆ 4. ವೈಪರ್‌ಗೆ 4. ಒಟ್ಟು 19. ಮಳೆಗಾಲದ ರಾತ್ರಿ ಹೆದ್ದಾರಿಯಲ್ಲಿ ಹೋಗುವಾಗಲೂ ಬ್ಯಾಟರಿಗೆ 3 ಆಂಪಿಯರ್ ಉಳಿಯುತ್ತದೆ. ಕಾರು ವಿನ್ಯಾಸ ಮಾಡಿದವರು ಹಾಸಿಗೆ ಅಳೆದೇ ಕಾಲು ಚಾಚಿದ್ದರು. ಅವರ ಲೆಕ್ಕದಲ್ಲಿ ಇಲ್ಲದೆ ಹೋದದ್ದು ಎರಡೇ: ಮುಂದೆ ನಾವು ಸೇರಿಸಲಿರುವ ಸಾಮಾನು ಮತ್ತು ಇಂದಿನ ಟ್ರಾಫಿಕ್.

ನಾವು ಸೇರಿಸಿದ್ದಾದರೂ ಏನು? ಸಕಲೇಶಪುರದ ಕಡೆ ಮಂಜಿನಲ್ಲಿ ಓಡಾಡಲು ಎರಡು ಫಾಗ್ ಲ್ಯಾಂಪ್, 8 ಆಂಪಿಯರ್. ಹಾಡು ಕೇಳಲು ಸ್ಟೀರಿಯೊ, ಜೋರಾಗಿ ಇಟ್ಟರೆ 5. ಮೊಬೈಲ್ ಚಾರ್ಜರಿಗೆ 2. ಅಲ್ಲಿಗೆ 19 ಹೋಗಿ 34 ಆಯಿತು. ಕೆಲವರು ಡ್ಯಾಶ್‌ಬೋರ್ಡಿನ ಕೆಳಗೆ ಎಸಿ ಹಾಕಿಸಿದ್ದಾರೆ. ಬ್ಲೋವರ್, ಕಂಪ್ರೆಸರಿನ ಕ್ಲಚ್, ಕಂಡೆನ್ಸರಿನ ಮುಂದಿನ ಫ್ಯಾನ್, ಮೂರೂ ಸೇರಿ ಇನ್ನೊಂದು 20 ಆಂಪಿಯರ್ ಮೇಲೆಯೇ ಬೇಕು. ಇನ್ನು ಟ್ರಾಫಿಕ್ಕಿನ ವಿಷಯ. ಡೈನಮೋ ಐಡ್ಲಿಂಗ್‌ನಲ್ಲಿ ಏನೇನೂ ಕೊಡುವುದಿಲ್ಲ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿಣುಕುತ್ತ ಕೂರುತ್ತದೆ, ಆ ಹೊತ್ತಿನಲ್ಲಿ ಕಾರು ನಡೆಯುವುದು ಬ್ಯಾಟರಿಯ ದಯೆಯಿಂದ. 1977ರಲ್ಲಿ ಸಿಗ್ನಲ್‌ನಲ್ಲಿ ನಿಲ್ಲುತ್ತಿದ್ದುದು ಅರ್ಧ ನಿಮಿಷ, ಅದಕ್ಕೆ ಅದು ಸಾಕಿತ್ತು. ಈಗ ಮಳೆ ಬಂದ ಸಂಜೆ ಹೆಬ್ಬಾಳದಲ್ಲೋ ಸಿಲ್ಕ್ ಬೋರ್ಡಿನಲ್ಲೋ ಒಂದು ಗಂಟೆ ಸಿಕ್ಕಿಕೊಂಡರೆ, ಬರೀ ಮೂಲ ಲೋಡಿನ 19 ಆಂಪಿಯರ್ ಲೆಕ್ಕದಲ್ಲೇ 60 ಆಂಪಿಯರ್-ಅವರ್ ಬ್ಯಾಟರಿಯ ಮೂರರಲ್ಲಿ ಒಂದು ಪಾಲು ಖಾಲಿ. ಹೀಗಾಗಿ ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿಸುವುದರ ಬಗ್ಗೆ ನನ್ನದು ಯಾವ ತಕರಾರೂ ಇಲ್ಲ. ಹಳೆಯ ಕಾರನ್ನು ದಿನವೂ ಓಡಿಸುವವರಿಗೆ ಅದು ಬೇಕೇ ಬೇಕು. ತಕರಾರು ಇರುವುದು ಆಯ್ಕೆ ಮಾಡುವ ಬಗೆಯಲ್ಲಿ.

ಎರಡರ ವ್ಯತ್ಯಾಸ ಗೊತ್ತಿದ್ದರೆ ಮುಂದಿನ ಮಾತು ಹಗುರವಾಗುತ್ತದೆ. ಡೈನಮೋದಲ್ಲಿ ಕರೆಂಟು ಹುಟ್ಟುವುದು ತಿರುಗುವ ಆರ್ಮೇಚರಿನಲ್ಲಿ. ಅದಷ್ಟೂ ಕಾರ್ಬನ್ ಬ್ರಷ್ ಮೂಲಕವೇ ಹೊರಗೆ ಬರಬೇಕು. ವೇಗ ಹೆಚ್ಚಿದರೆ ಕಿಡಿ, ಸವಕಳಿ. ಅದಕ್ಕೇ ಡೈನಮೋವನ್ನು ನಿಧಾನ ತಿರುಗಿಸುತ್ತಿದ್ದರು, ಅದಕ್ಕೇ ಅದು ಐಡ್ಲಿಂಗ್‌ನಲ್ಲಿ ಸೋಲುತ್ತಿತ್ತು. ಆಲ್ಟರ್ನೇಟರಿನಲ್ಲಿ ಇದು ತಿರುವುಮುರುವು. ಕರೆಂಟು ಹುಟ್ಟುವ ಸುರುಳಿ ಹೊರಗೆ ಅಲುಗಾಡದೆ ಕೂತಿರುತ್ತದೆ, ಒಳಗೆ ತಿರುಗುವುದು ಆಯಸ್ಕಾಂತ. ಬ್ರಷ್‌ಗಳ ಮೂಲಕ ಹೋಗುವುದು ಆ ಆಯಸ್ಕಾಂತಕ್ಕೆ ಬೇಕಾದ ಎರಡು-ಮೂರು ಆಂಪಿಯರ್ ಮಾತ್ರ. ಆದ್ದರಿಂದ ನಿಮಿಷಕ್ಕೆ 15,000 ಸುತ್ತಿನವರೆಗೂ ಅದು ತಾಳುತ್ತದೆ. ಹುಟ್ಟಿದ ಎಸಿ ಕರೆಂಟನ್ನು ಡಿಸಿ ಮಾಡುವ ಡಯೋಡ್ ಅಗ್ಗವಾಗಿ ಸಿಗುವವರೆಗೆ ಇದನ್ನು ಸಾಮಾನ್ಯ ಕಾರಿಗೆ ಹಾಕುವಂತಿರಲಿಲ್ಲ. ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ವ್ಯಾಲಿಯಂಟ್ ಕಾರಿನಲ್ಲಿ ಇದನ್ನು 1960ರಲ್ಲಿ ತಂದಿತು. ಅದರ ಮರುವರ್ಷ, 1961ರಲ್ಲಿ, ನಮ್ಮಲ್ಲಿ ಬ್ರಿಟನ್ನಿನ ಲ್ಯೂಕಾಸ್ ಮತ್ತು ಟಿವಿಎಸ್ ಸೇರಿ ಮದರಾಸಿನಲ್ಲಿ ಲ್ಯೂಕಾಸ್ ಟಿವಿಎಸ್ ಶುರುವಾಯಿತು. ದಕ್ಷಿಣದ ಗ್ಯಾರೇಜುಗಳಲ್ಲಿ ಆ ಹೆಸರು ಎಷ್ಟು ಬೇರೂರಿದೆಯೆಂದರೆ ಯಾವ ಕಂಪನಿಯ ಸೆಲ್ಫ್ ಮೋಟಾರ್ ತಂದರೂ ಕೆಲವು ಹಿರಿಯ ಎಲೆಕ್ಟ್ರಿಷಿಯನ್‌ಗಳು ಅದನ್ನು ಲ್ಯೂಕಾಸ್ ಜೊತೆಗೇ ಹೋಲಿಸುತ್ತಾರೆ. ಆಲ್ಟರ್ನೇಟರಿಗೆ ಈಗಲೂ ಡೈನಮೋ ಎಂದೇ ಅನ್ನುವವರಿಗಂತೂ ಲೆಕ್ಕವಿಲ್ಲ.

ಈಗ ಲೇಬಲ್ ವಿಷಯಕ್ಕೆ ಬರೋಣ. ಕಂಪನಿಗಳು ಆಲ್ಟರ್ನೇಟರನ್ನು ಅಳೆಯಲು ಐಎಸ್‌ಒ 8854 ಎಂಬ ಮಾನಕ ಇದೆ. ಆಲ್ಟರ್ನೇಟರಿನ ಶಾಫ್ಟು ನಿಮಿಷಕ್ಕೆ 6000 ಸುತ್ತು ತಿರುಗುವಾಗ, ಸುತ್ತಲಿನ ಗಾಳಿ ಸುಮಾರು 23 ಡಿಗ್ರಿ ಇರುವಾಗ ಬರುವ ಕರೆಂಟೇ ಲೇಬಲ್ ಮೇಲಿನ ದೊಡ್ಡ ಸಂಖ್ಯೆ. ಅದೇ ಮಾನಕದಲ್ಲಿ 1500 ಸುತ್ತಿನ ಅಳತೆಯೂ ಇದೆ. ನಮಗೆ ಬೇಕಾದ್ದು ಅದು, ಅಂಗಡಿಯಲ್ಲಿ ಯಾರೂ ಹೇಳದೆ ಬಿಡುವುದೂ ಅದನ್ನೇ. ಬಾಷ್‌ನ ಕೆಲವು ಆಲ್ಟರ್ನೇಟರುಗಳ ಮೈಮೇಲೆ 45-80 ಎಂಬಂತೆ ಎರಡು ಸಂಖ್ಯೆ ಒತ್ತಿರುತ್ತಾರೆ. ಮೊದಲನೆಯದು ನಿಧಾನ ವೇಗದ್ದು, ಎರಡನೆಯದು 6000ದ್ದು. ಹೀಗೆ ಎರಡನ್ನೂ ಹೇಳುವ ಆಲ್ಟರ್ನೇಟರ್ ಕಂಡರೆ ನನಗೆ ಅರ್ಧ ನಂಬಿಕೆ ಬಂದುಬಿಡುತ್ತದೆ. ಬೋರ್‌ವೆಲ್ ಕೊರೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊರೆದ ದಿನ ಮೂರು ಇಂಚು ನೀರು ಚಿಮ್ಮಿತು ಅನ್ನುವುದು ಬೇರೆ, ಏಪ್ರಿಲ್ ಕೊನೆಯಲ್ಲಿ ತೋಟಕ್ಕೆ ಎಷ್ಟು ಹರಿಯುತ್ತದೆ ಅನ್ನುವುದು ಬೇರೆ.

ನಮ್ಮ ಅಂಬಾಸಿಡರ್ ಐಡ್ಲಿಂಗ್‌ನಲ್ಲಿ ನಿಮಿಷಕ್ಕೆ ಸುಮಾರು 700 ಸುತ್ತು ತಿರುಗುತ್ತದೆ. ಕ್ರ್ಯಾಂಕ್ ಪುಲ್ಲಿ 130 ಮಿಲಿಮೀಟರ್, ಆಲ್ಟರ್ನೇಟರ್ ಪುಲ್ಲಿ 65 ಮಿಲಿಮೀಟರ್ ಇದೆ ಅಂದುಕೊಳ್ಳಿ. ಆಗ ಆಲ್ಟರ್ನೇಟರ್ ತಿರುಗುವುದು 1400 ಸುತ್ತು. ಹೆಚ್ಚಿನ ಆಲ್ಟರ್ನೇಟರುಗಳು ಚಾರ್ಜ್ ಕೊಡಲು ತೊಡಗುವುದೇ ಸಾವಿರದಿಂದ ಒಂದೂವರೆ ಸಾವಿರದ ನಡುವೆ. ಅಂದರೆ 120 ಎಂದು ಬರೆದ ಆಲ್ಟರ್ನೇಟರ್ ಕೂಡ ನಮ್ಮ ಕಾರಿನಲ್ಲಿ, ಸಿಗ್ನಲ್‌ನಲ್ಲಿ, ಹೊಸ್ತಿಲ ಮೇಲೆ ನಿಂತಿರುತ್ತದೆ. ಅದರ ಮೇಲೆ ಬಾನೆಟ್ಟಿನೊಳಗಿನ ಬಿಸಿ. ತಾಮ್ರ ಬಿಸಿಯಾದಂತೆ ರೋಧ ಏರುತ್ತದೆ, ಕರೆಂಟು ಐದರಲ್ಲಿ ಒಂದು ಪಾಲಿನಷ್ಟು ಇಳಿಯುವುದು ಸಾಮಾನ್ಯ. ಆಲ್ಟರ್ನೇಟರಿಗೆ ತನ್ನದೇ ಫ್ಯಾನ್ ಇದೆಯಲ್ಲ ಎನ್ನಬಹುದು. ಅದೂ ಶಾಫ್ಟಿನ ಜೊತೆಗೇ ತಿರುಗುವುದರಿಂದ, ಗಾಳಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಅತಿ ಕಡಿಮೆ ಬೀಸುತ್ತದೆ.

ಇನ್ನೂ ಒಳಗಿನ ಒಂದು ಸಂಗತಿ ಇದೆ, ಈ ರೂಢಿಯ ದೊಡ್ಡ ಎಡವಟ್ಟು ಇರುವುದು ಅಲ್ಲೇ. ಆಲ್ಟರ್ನೇಟರಿನ ಗರಿಷ್ಠ ಕರೆಂಟು ಹೆಚ್ಚಿಸುವ ಸುಲಭ ದಾರಿ ಎಂದರೆ ದಪ್ಪ ತಂತಿ ತೆಗೆದುಕೊಂಡು ಕಡಿಮೆ ಸುತ್ತು ಸುತ್ತುವುದು. ಸುತ್ತು ಕಡಿಮೆಯಾದರೆ ಅದೇ ವೇಗದಲ್ಲಿ ಹುಟ್ಟುವ ವೋಲ್ಟೇಜೂ ಕಡಿಮೆ. ಬ್ಯಾಟರಿಯ ಮಟ್ಟ ದಾಟಲು ಆಲ್ಟರ್ನೇಟರ್ ಇನ್ನೂ ಜೋರಾಗಿ ತಿರುಗಬೇಕು. ಮೇಲಿನ ಸಂಖ್ಯೆ ಏರಿತು, ಕೆಳಗಿನದು ಇಳಿಯಿತು. ಸುರುಳಿಗಳನ್ನು ಸ್ಟಾರ್ ಬದಲು ಡೆಲ್ಟಾದಲ್ಲಿ ಜೋಡಿಸಿದರೂ ಆಗುವುದು ಇದೇ. ಸ್ಟಾರ್‌ನಲ್ಲಿ ವೋಲ್ಟೇಜ್ 1.73 ಪಟ್ಟು, ಡೆಲ್ಟಾದಲ್ಲಿ ಕರೆಂಟು 1.73 ಪಟ್ಟು. ಪಂಪ್‌ಸೆಟ್ಟಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿಸಿದ ನಮ್ಮ ರೈತರಿಗೆ ಈ ಎರಡು ಹೆಸರು ಬಾಯಿಪಾಠ. ಕಾರಿನಲ್ಲಿ ನಿಧಾನಕ್ಕೆ ಬೇಕಾದ್ದು ಸ್ಟಾರ್, ಓಟಕ್ಕೆ ಡೆಲ್ಟಾ.

ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡ ಮೇಲೆ. ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಒಂದು ರಿವೈಂಡಿಂಗ್ ಅಂಗಡಿಯಲ್ಲಿ ಹಳೆಯ ಲ್ಯೂಕಾಸ್ ಆಲ್ಟರ್ನೇಟರೊಂದನ್ನು ಕೊಟ್ಟು "ಹೈ ಔಟ್‌ಪುಟ್" ಮಾಡಿಸಿದ್ದೆ. ಅವರ ಕೈಕೆಲಸ ಅಚ್ಚುಕಟ್ಟು. ಸುರುಳಿಗಳ ಮೇಲೆ ಜೇನಿನ ಬಣ್ಣದ ವಾರ್ನಿಷ್, ಒಂದೊಂದು ತೋಡಿನಲ್ಲೂ ಬಿದಿರಿನ ಸೀಳು, ದಾರದ ಕಟ್ಟು. ಬೆಂಚಿನ ಮೇಲೆ ಮೋಟಾರಿಗೆ ಕಟ್ಟಿ ತಿರುಗಿಸಿ 70 ಆಂಪಿಯರ್ ತೋರಿಸಿದರು. ಕಾರಿಗೆ ಹಾಕಿ ಹೆದ್ದಾರಿಗೆ ಬಂದರೆ ಹೆಡ್‌ಲೈಟು ಹಾಲು ಚೆಲ್ಲಿದಂತೆ. ಹಾಸನದ ಪೇಟೆಯೊಳಗೆ ಬಂದು ಕಾರು ನಿಲ್ಲಿಸಿದೆ, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿತು. ಡೈನಮೋ ಕಾಲದಲ್ಲಿ ಇದ್ದ ಅದೇ ಕೆಂಪು ದೀಪ. ಎಕ್ಸಲರೇಟರ್ ಒಂದಿಷ್ಟು ಒತ್ತಿದರೆ ಆರುತ್ತಿತ್ತು, ಬಿಟ್ಟರೆ ಮತ್ತೆ ಹತ್ತುತ್ತಿತ್ತು. ಕೊಟ್ಟ ಮಾತಿನಂತೆ 70 ಆಂಪಿಯರ್ ಅದರಲ್ಲಿತ್ತು, ನನಗೆ ಬೇಕಾದ ಜಾಗದಲ್ಲಿ ಮಾತ್ರ ಇರಲಿಲ್ಲ.

ಹೀಗಿರುವಾಗ ಅತ್ಯಂತ ಅಗ್ಗದ ಸುಧಾರಣೆ ಯಾವುದು ಗೊತ್ತೇ? ಪುಲ್ಲಿ. 65 ಮಿಲಿಮೀಟರಿನ ಪುಲ್ಲಿ ತೆಗೆದು 60ರದ್ದು ಹಾಕಿದರೆ ಆಲ್ಟರ್ನೇಟರ್ 1400ರ ಬದಲು 1500 ಸುತ್ತು ದಾಟುತ್ತದೆ. ಕಾರ್ಬೊರೇಟರಿನ ಸ್ಕ್ರೂ ತುಸು ತಿರುಗಿಸಿ ಐಡ್ಲಿಂಗ್ 800ಕ್ಕೆ ತಂದರೆ 1700ರ ಮೇಲೆ ಹೋಗುತ್ತದೆ. ಚಾರ್ಜ್ ಏರುವ ರೇಖೆ ಕಡಿದಾಗಿರುವ ಜಾಗ ಅದು, ಅಲ್ಲಿ ಮುನ್ನೂರು ಸುತ್ತು ಹೆಚ್ಚಿದರೆ ಸಿಗುವ ಲಾಭ ದೊಡ್ಡದು. ಅಂಬಾಸಿಡರ್ ಎಂಜಿನ್ 4500 ಸುತ್ತಿನ ಮೇಲೆ ಹೋಗುವುದೇ ಅಪರೂಪ, ಆಗಲೂ ಆಲ್ಟರ್ನೇಟರ್ 10,000ದ ಒಳಗೇ ಇರುತ್ತದೆ. ಹಾಗಾಗಿ ಭಯ ಬೇಡ. ಪುಲ್ಲಿ ಇನ್ನೂ ಸಣ್ಣದಾದರೆ ಬೆಲ್ಟ್ ಅದನ್ನು ಅಪ್ಪಿ ಹಿಡಿಯುವ ಭಾಗ ಕಡಿಮೆಯಾಗಿ ಜಾರುತ್ತದೆ, ಅದೊಂದೇ ಮಿತಿ.

ಬೆಲ್ಟ್ ವಿಷಯ ಬಂದಾಗ ನಿಂತು ಯೋಚಿಸಬೇಕು. 120 ಆಂಪಿಯರನ್ನು 14 ವೋಲ್ಟಿನಲ್ಲಿ ತೆಗೆದರೆ ಸುಮಾರು 1700 ವ್ಯಾಟ್. ಆಲ್ಟರ್ನೇಟರಿನ ದಕ್ಷತೆ ನೂರಕ್ಕೆ 55 ಎಂದಿಟ್ಟುಕೊಂಡರೆ ಎಂಜಿನ್ ಕೊಡಬೇಕಾದ್ದು 3000 ವ್ಯಾಟ್, ಅಂದರೆ ನಾಲ್ಕು ಅಶ್ವಶಕ್ತಿ. 50 ಅಶ್ವಶಕ್ತಿಯ ಎಂಜಿನ್ನಿಗೆ ನಾಲ್ಕು ಕೊಡುವುದೇನೂ ಕಷ್ಟವಲ್ಲ. ಕಷ್ಟ ಇರುವುದು ಅದನ್ನು ಸಾಗಿಸುವ ಆ ಒಂದೇ ವಿ ಬೆಲ್ಟಿಗೆ. ಈಗಿನ ಕಾರುಗಳ ಅಗಲದ ಗೀರುಬೆಲ್ಟ್ ಅಲ್ಲ ಅದು, ಹೆಬ್ಬೆರಳಿನಷ್ಟೂ ಅಗಲವಿಲ್ಲದ ರಬ್ಬರು. ಅದು ಜಾರಿ ಕೀಚಲು ಶಬ್ದ ಮಾಡಿದಾಗ ಮೆಕ್ಯಾನಿಕ್ ಮಾಡುವುದು ಒಂದೇ ಕೆಲಸ, ಸನ್ನೆಗೋಲು ಹಾಕಿ ಎಳೆದು ಬಿಗಿ ಮಾಡುವುದು. ಅದೇ ಬೆಲ್ಟ್ ವಾಟರ್ ಪಂಪನ್ನೂ ರೇಡಿಯೇಟರ್ ಫ್ಯಾನನ್ನೂ ತಿರುಗಿಸುತ್ತದೆ. ಅತಿಯಾಗಿ ಬಿಗಿದರೆ ಮೊದಲು ಹೋಗುವುದು ವಾಟರ್ ಪಂಪಿನ ಬೇರಿಂಗು. ಬೆಲ್ಟ್ ಹರಿದರಂತೂ ಶಿರಾಡಿ ಘಾಟಿಯ ಏರಿನಲ್ಲಿ ಚಾರ್ಜೂ ಇಲ್ಲ, ನೀರೂ ತಿರುಗುವುದಿಲ್ಲ. ದೀಪ ಬೆಳಗಿಸಲು ಹೋಗಿ ಎಂಜಿನ್ ಕುದಿಸಿಕೊಂಡಂತಾಯಿತು. ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ದೊಡ್ಡ ಆಲ್ಟರ್ನೇಟರ್ ಸದಾಕಾಲ 120 ಆಂಪಿಯರ್ ತಳ್ಳುವುದಿಲ್ಲ, ಲೋಡ್ ಕೇಳಿದಷ್ಟನ್ನೇ ಕೊಡುತ್ತದೆ. ಬ್ಯಾಟರಿ ಪೂರ್ತಿ ಇಳಿದಿದ್ದು ಕಾರು ತಳ್ಳಿ ಸ್ಟಾರ್ಟ್ ಮಾಡಿದ ದಿನ ಮಾತ್ರ ತನ್ನ ಪೂರ್ತಿ ಬಲ ತೋರಿಸುತ್ತದೆ. ಬೆಲ್ಟ್, ತಂತಿ, ಡಯೋಡ್ ಎಲ್ಲದರ ಪರೀಕ್ಷೆ ಆ ದಿನ. ಒಂಟಿ ವಿ ಬೆಲ್ಟ್ ಇರುವ ಕಾರಿಗೆ 65-70 ಆಂಪಿಯರಿನ ಮೇಲೆ ಹೋಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ತಂತಿಗಳ ಬಗ್ಗೆ ಈ ರೂಢಿ ತೋರಿಸುವ ಅಸಡ್ಡೆ ನನಗೆ ಎಲ್ಲಕ್ಕಿಂತ ಬೇಸರ ತರಿಸುವ ಸಂಗತಿ. ಬ್ರಿಟಿಷ್ ಮೂಲದ ಕಾರುಗಳಲ್ಲಿ ಮುಖ್ಯ ಕರೆಂಟು ಹರಿಯುವುದು ಕಂದು ಬಣ್ಣದ ತಂತಿಯಲ್ಲಿ. ಡೈನಮೋದ 22 ಆಂಪಿಯರಿಗೆ ಎಂದು ಹಾಕಿದ ತಂತಿ ಅದು, ವಯಸ್ಸು ಈಗ ನಲವತ್ತು ದಾಟಿದೆ. ಹೊಸ ಆಲ್ಟರ್ನೇಟರಿನ ದಪ್ಪ ಬೋಲ್ಟಿಗೆ ಅದೇ ತಂತಿಯನ್ನು ಬಿಗಿದು ಕಾರು ಕೊಟ್ಟುಬಿಡುತ್ತಾರೆ. 6 ಚದರ ಮಿಲಿಮೀಟರಿನ ತಾಮ್ರದ ತಂತಿ ಎರಡು ಮೀಟರ್ ಉದ್ದವಿದ್ದು 60 ಆಂಪಿಯರ್ ಹರಿದರೆ ಅದರಲ್ಲೇ 0.37 ವೋಲ್ಟ್ ಕಳೆದುಹೋಗುತ್ತದೆ. 16 ಚದರ ಮಿಲಿಮೀಟರಿನದು ಹಾಕಿದರೆ ಕಳೆಯುವುದು 0.14. ಹಳೆಯ ಜೀಪುಗಳಲ್ಲಿ ಡ್ಯಾಶ್‌ಬೋರ್ಡಿನ ಆಮ್ಮೀಟರ್ ಮೂಲಕವೇ ಕಾರಿನ ಅಷ್ಟೂ ಕರೆಂಟು ಹಾದುಹೋಗುತ್ತದೆ. 30 ಆಂಪಿಯರಿನ ಆ ಮೀಟರನ್ನು ಹಾಗೇ ಬಿಟ್ಟು ದೊಡ್ಡ ಆಲ್ಟರ್ನೇಟರ್ ಹಾಕಿದರೆ ಡ್ಯಾಶ್‌ಬೋರ್ಡಿನ ಹಿಂದೆ ಬೆಂಕಿಗೆ ಜಾಗ ಮಾಡಿಕೊಟ್ಟಂತೆ. ಅದನ್ನು ಬೈಪಾಸ್ ಮಾಡಿ ವೋಲ್ಟ್‌ಮೀಟರ್ ಹಾಕಿಸಲೇಬೇಕು. ಆಲ್ಟರ್ನೇಟರಿನಿಂದ ಬ್ಯಾಟರಿಗೆ ನೇರವಾಗಿ ಒಂದು ದಪ್ಪ ಕೇಬಲ್, ನಡುವೆ ತಕ್ಕ ಫ್ಯೂಸ್, ಇಷ್ಟಿಲ್ಲದ ಕೆಲಸಕ್ಕೆ ದುಡ್ಡು ಕೊಡಬೇಡಿ.

ಅದಕ್ಕಿಂತ ಮುಖ್ಯವಾದದ್ದು ಅರ್ತ್. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ, ಅದರಿಂದ ಬಾಡಿಗೆ ಕರೆಂಟು ಹಿಂತಿರುಗುವ ದಾರಿ ಒಂದು ಹೆಣೆದ ತಾಮ್ರದ ಪಟ್ಟಿ ಮಾತ್ರ. ನಮ್ಮ ಕಾರಿನ ಆ ಪಟ್ಟಿಯನ್ನು ನಾನು ಬಿಚ್ಚಿ ನೋಡಿದ್ದು ಎರಡು ಆಲ್ಟರ್ನೇಟರಿಗೆ ದುಡ್ಡು ಸುರಿದ ಮೇಲೆ. ಗೇರ್‌ಬಾಕ್ಸಿನ ಮಗ್ಗುಲಲ್ಲಿ, ಎಣ್ಣೆಯ ಮಸಿ ಮೆತ್ತಿ ಗುರುತೇ ಸಿಗದಂತೆ ಅಂಟಿಕೊಂಡಿತ್ತು. ಸೀಮೆಎಣ್ಣೆಯಲ್ಲಿ ತೊಳೆದಾಗ ಅರ್ಧಕ್ಕರ್ಧ ಎಳೆಗಳು ತುಂಡಾಗಿದ್ದವು. ಬೋಲ್ಟಿನ ಕಣ್ಣಿನ ಸುತ್ತ ದೇವರ ಮನೆಯ ಹಳೇ ತಂಬಿಗೆಗೆ ಕಟ್ಟುವಂಥ ಹಸಿರು ಕಿಲುಬು. ಬಾಡಿಯ ಕಡೆ ಅದು ಕೂತಿದ್ದದ್ದು ಲೋಹದ ಮೇಲಲ್ಲ, ಯಾವುದೋ ಕಾಲದಲ್ಲಿ ಬಣ್ಣ ಹೊಡೆಸಿದಾಗ ಬಿದ್ದ ಪೇಂಟಿನ ಪದರದ ಮೇಲೆ. ನಮ್ಮ ಎಲೆಕ್ಟ್ರಿಷಿಯನ್ ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ಮೈಗೂ ಇನ್ನೊಂದನ್ನು ಬ್ಯಾಟರಿಯ ಮೈನಸ್‌ಗೂ ಇಟ್ಟು, ಹೆಡ್‌ಲೈಟ್ ಹಾಕಿ ಎಂಜಿನ್ ಏರಿಸಲು ಹೇಳಿದರು. 0.9 ವೋಲ್ಟ್. ಸರಿಯಾಗಿದ್ದರೆ 0.2ರ ಒಳಗಿರಬೇಕು. "ನೋಡಿ ಸಾರ್, ನಿಮ್ಮ ಡೈನಮೋ ಸರಿಯಾಗೇ ದುಡೀತಿತ್ತು. ದುಡಿದದ್ದು ಮನೆಗೆ ಬರ್ತಿರಲಿಲ್ಲ ಅಷ್ಟೇ" ಅಂದರು. ಹೊಸ ಪಟ್ಟಿ, ಉಪ್ಪುಕಾಗದದಲ್ಲಿ ಉಜ್ಜಿದ ಬಾಡಿ, ಹೊಸ ಬೋಲ್ಟು, ಮೇಲೆ ಒಂದಿಷ್ಟು ಗ್ರೀಸು. ಮತ್ತೆ ಅಳೆದಾಗ 0.1.

ಮುಕ್ಕಾಲು ವೋಲ್ಟಿಗೆ ಏನು ಮಹಾ ಅನ್ನಿಸಬಹುದು. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಇಳಿಯುತ್ತದೆ. ಬಲ್ಬಿಗೆ 13.5ರ ಬದಲು 12 ವೋಲ್ಟ್ ತಲುಪಿದರೆ ಬೆಳಕಿನ ಮೂರರಲ್ಲಿ ಒಂದು ಪಾಲು ಹೋಯಿತೆಂದೇ ಲೆಕ್ಕ. ಹಳೆಯ ಕಾರುಗಳಲ್ಲಿ ಹೆಡ್‌ಲೈಟಿನ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಹೋಗಿ, ಅಲ್ಲಿಂದ ಡಿಪ್ಪರಿಗೆ ಹೋಗಿ, ಮತ್ತೆ ಮುಂದಕ್ಕೆ ಬರುತ್ತದೆ. ಎರಡು ರಿಲೇ ಹಾಕಿ ಬ್ಯಾಟರಿಯಿಂದ ನೇರ ತಂತಿ ಕೊಟ್ಟರೆ ಆಲ್ಟರ್ನೇಟರನ್ನು ಮುಟ್ಟದೆಯೇ ಆ ಬೆಳಕು ವಾಪಸ್ ಬರುತ್ತದೆ. ಇದನ್ನು ಮಾಡದೆ 100 ವ್ಯಾಟಿನ ಬಲ್ಬು ಹಾಕಿಸಿ, ಅದಕ್ಕೆಂದು ಆಲ್ಟರ್ನೇಟರ್ ಬದಲಿಸುವವರು ಎದುರಿನಿಂದ ಬರುವವರ ಕಣ್ಣನ್ನೂ ಕುಕ್ಕುತ್ತಾರೆ, ತಮ್ಮ ಸ್ವಿಚ್ಚನ್ನೂ ಕರಗಿಸಿಕೊಳ್ಳುತ್ತಾರೆ.

ಹಾಗಾದರೆ ಕೊಳ್ಳುವುದು ಯಾವುದನ್ನು? ಶಿವಾಜಿನಗರದ ಗುಜರಿಯಲ್ಲಿ ಹುಡುಕುವುದು ಹಲವರ ದಾರಿ, ನನಗೂ ಅಲ್ಲಿ ಅಡ್ಡಾಡುವುದು ಇಷ್ಟ. ಆದರೆ ಕಣ್ಣು ತೆರೆದಿರಬೇಕು. ಡೀಸೆಲ್ ವಾಹನದಿಂದ ಬಿಚ್ಚಿದ ಹಲವು ಆಲ್ಟರ್ನೇಟರುಗಳ ಬೆನ್ನ ಹಿಂದೆ ಬ್ರೇಕಿಗೆ ಬೇಕಾದ ವ್ಯಾಕ್ಯೂಮ್ ಪಂಪು ಅಂಟಿಕೊಂಡಿರುತ್ತದೆ. ಅದಕ್ಕೆ ಎಂಜಿನ್ ಆಯಿಲ್ ಸದಾ ಹರಿಯುತ್ತಿರಬೇಕು. ಪೆಟ್ರೋಲ್ ಕಾರಿಗೆ ಹಾಗೇ ಹಾಕಿದರೆ ಆಯಿಲ್ ಇಲ್ಲದೆ ಪಂಪು ಹಿಡಿದುಕೊಳ್ಳುತ್ತದೆ. ಇತ್ತೀಚಿನ ಕಾರುಗಳ ಆಲ್ಟರ್ನೇಟರಿಗೆ ವೋಲ್ಟೇಜ್ ಎಷ್ಟಿರಬೇಕೆಂದು ಹೇಳುವುದು ಆ ಕಾರಿನ ಕಂಪ್ಯೂಟರ್. ಅಂಥದ್ದು ಹಳೆಯ ಕಾರಿನಲ್ಲಿ ದಿಕ್ಕು ತಪ್ಪಿದ ಮಗು. ಪುಲ್ಲಿ ಗೀರುಬೆಲ್ಟಿನದಾಗಿದ್ದರೆ ವಿ ಪುಲ್ಲಿಗೆ ಬದಲಿಸಬೇಕು, ಶಾಫ್ಟು 15 ಮಿಲಿಮೀಟರೋ 17 ಮಿಲಿಮೀಟರೋ ನೋಡಿಕೊಳ್ಳಬೇಕು. ಬ್ರಾಕೆಟ್ಟನ್ನು ಗ್ಯಾಸ್ ವೆಲ್ಡಿಂಗ್‌ನಲ್ಲಿ ತೇಪೆ ಹಾಕಿ ಕೂರಿಸಿದರೆ ಪುಲ್ಲಿಗಳು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ, ಬೆಲ್ಟ್ ಒಂದು ಪಕ್ಕ ಸವೆದು ನೂಲು ಬಿಡುತ್ತದೆ. ಹೆಸರೇ ಇಲ್ಲದ ಡಬ್ಬಿಯಲ್ಲಿ 120 ಎಂದು ಬರೆದು ಬರುವವುಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ನಿಧಾನ ವೇಗದ ಅಂಕಿ ಕೊಡದ ಯಾವುದನ್ನೂ ಹೇಳುವುದಿಲ್ಲ.

ಕಾರಿನ ಮೂಲ ರೂಪ ಕೆಡಬಾರದು ಎನ್ನುವವರಿಗೆ ಬ್ರಿಟನ್ನಿನಲ್ಲಿ ಡೈನಮೋದ ಡಬ್ಬಿಯಂಥದ್ದರೊಳಗೇ ಆಲ್ಟರ್ನೇಟರ್ ಅಡಗಿಸಿ ಮಾಡುತ್ತಾರೆ. ಪ್ರದರ್ಶನದ ಕಾರಿಗೆ ಅದು ಚೆನ್ನ, ದಿನ ಓಡುವ ಕಾರಿಗೆ ದುಬಾರಿ. ನನ್ನ ಆಯ್ಕೆ ಲ್ಯೂಕಾಸ್ ಸಾಲಿನದೇ. ಅದರ 16ಎಸಿಆರ್ 34 ಆಂಪಿಯರ್, 18ಎಸಿಆರ್ 45, ಆಮೇಲೆ ಬಂದ ಎ127 ಸಾಲಿನವು 55ರಿಂದ 70. ಈ ಸಾಲಿನವನ್ನು ಕೂರಿಸಲು ಹೆಚ್ಚು ಕುಟ್ಟಾಟ ಬೇಕಿಲ್ಲ, ಬುಷ್ ತಿದ್ದಿ, ಬಿಗಿಯುವ ಪಟ್ಟಿ ಬದಲಿಸಿದರೆ ಮುಗಿಯುತ್ತದೆ. ರೆಗ್ಯುಲೇಟರ್ ಒಳಗೇ ಇರುವುದರಿಂದ ಡೈನಮೋ ಜೊತೆಗಿದ್ದ ಹಳೆಯ ಕಟ್‌ಔಟ್ ಡಬ್ಬಿಗೆ ಕೆಲಸವಿಲ್ಲ. ಬ್ರಷ್, ಡಯೋಡ್ ಪ್ಲೇಟ್, ಬೇರಿಂಗ್ ಮೂರೂ ಸಣ್ಣ ಊರುಗಳಲ್ಲೂ ಸಿಗುವುದೇ ಇವುಗಳ ದೊಡ್ಡ ಗುಣ. ದಾರಿಯಲ್ಲಿ ಕೆಟ್ಟರೆ ಅರಸೀಕೆರೆಯಲ್ಲೋ ಚನ್ನರಾಯಪಟ್ಟಣದಲ್ಲೋ ರಿಪೇರಿಯಾಗದ ಸಾಮಾನು ಎಷ್ಟು ಆಂಪಿಯರ್ ಇದ್ದು ಏನು ಬಂತು? ಎಸಿ ಇರುವ ಕಾರಿನವರಿಗೆ ಮಾತ್ರ ನನ್ನ ಮಿತಿ ಸಾಲದು. ಅವರು 90ರದ್ದಕ್ಕೆ ಹೋಗಬಹುದು, ನಿಧಾನ ವೇಗದಲ್ಲೇ 45 ಕೊಡುವಂಥದ್ದಾಗಿರಬೇಕು ಮತ್ತು ಅದಕ್ಕೆ ಜೋಡಿ ಬೆಲ್ಟಿನ ವ್ಯವಸ್ಥೆ ಆಗಬೇಕು.

ಹಾಕಿಸುವಾಗ ಎರಡು ಎಚ್ಚರ. ಬಹಳ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನೇ ಬಾಡಿಗೆ ಕೊಟ್ಟಿರುತ್ತಾರೆ. ಅದನ್ನು ಬದಲಿಸದೆ ಆಲ್ಟರ್ನೇಟರ್ ಕೂರಿಸಿದರೆ ತಂತಿ ತಾಗಿದ ಕ್ಷಣದಲ್ಲೇ ಡಯೋಡ್‌ಗಳು ಸುಟ್ಟುಹೋಗುತ್ತವೆ. ಇನ್ನೊಂದು, ಡ್ಯಾಶ್‌ಬೋರ್ಡಿನ ಆ ಕೆಂಪು ಬಲ್ಬು. ಅದು ಬರೀ ಸೂಚನೆಯ ದೀಪವಲ್ಲ, ಆಲ್ಟರ್ನೇಟರಿನ ಆಯಸ್ಕಾಂತಕ್ಕೆ ಮೊದಲ ಕರೆಂಟು ಹೋಗುವುದು ಅದರ ಮೂಲಕ. ಬಲ್ಬು ಸುಟ್ಟಿದ್ದರೆ ಹೊಸ ಆಲ್ಟರ್ನೇಟರ್ ಕೂಡ ಎಂಜಿನ್ ಏರಿಸುವವರೆಗೆ ಎಚ್ಚರಗೊಳ್ಳುವುದಿಲ್ಲ.

ಗ್ಯಾರೇಜುಗಳಲ್ಲಿ ಈಗಲೂ ನಡೆಯುವ ಒಂದು ಪರೀಕ್ಷೆಯನ್ನು ಇಲ್ಲಿ ಖಂಡಿಸಲೇಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಿತ್ತು, ಎಂಜಿನ್ ನಿಲ್ಲದಿದ್ದರೆ "ಚಾರ್ಜ್ ಬರ್ತಾ ಇದೆ" ಎನ್ನುವುದು. ಡೈನಮೋ ಕಾಲದಲ್ಲಿ ಹೇಗೋ ನಡೆದುಹೋದ ಪದ್ಧತಿ. ಆಲ್ಟರ್ನೇಟರಿನಲ್ಲಿ ಬ್ಯಾಟರಿ ಎಂಬ ಆಸರೆ ತಟ್ಟನೆ ತಪ್ಪಿದರೆ ವೋಲ್ಟೇಜ್ ಒಂದು ಕ್ಷಣ ಹಲವು ಪಟ್ಟು ಜಿಗಿಯುತ್ತದೆ. ಡಯೋಡ್, ರೆಗ್ಯುಲೇಟರ್, ಸ್ಟೀರಿಯೊ ಯಾವುದು ಬೇಕಾದರೂ ಹೋಗಬಹುದು. ಆಲ್ಟರ್ನೇಟರ್ ದೊಡ್ಡದಾದಷ್ಟೂ ಆ ಹೊಡೆತ ದೊಡ್ಡದು. ಬ್ಯಾಟರಿ ಮೇಲೆ ಮೀಟರ್ ಇಟ್ಟು 13.8ರಿಂದ 14.4 ಇದೆಯೇ ನೋಡಿದರೆ ಅದೇ ಪರೀಕ್ಷೆ ಸುರಕ್ಷಿತವಾಗಿ ಮುಗಿಯಿತು.

ನಮ್ಮ ಅಂಬಾಸಿಡರಿನಲ್ಲಿ ಈಗ ಇರುವುದು 65 ಆಂಪಿಯರಿನ ಸಾಧಾರಣ ಆಲ್ಟರ್ನೇಟರ್, 60 ಮಿಲಿಮೀಟರ್ ಪುಲ್ಲಿ, 16 ಚದರ ಮಿಲಿಮೀಟರ್ ಕೇಬಲ್, ಹೆಡ್‌ಲೈಟಿಗೆ ಎರಡು ರಿಲೇ ಮತ್ತು ಆ ತಾಮ್ರದ ಪಟ್ಟಿ. ಟ್ರಾಫಿಕ್ಕಿನಲ್ಲಿ ಫಾಗ್ ಲ್ಯಾಂಪ್ ಆರಿಸಿದರೆ ಲೋಡು 26 ಆಂಪಿಯರಿಗೆ ಬರುತ್ತದೆ, ಐಡ್ಲಿಂಗ್‌ನಲ್ಲಿ ಅಷ್ಟನ್ನು ಅದು ಕೊಡುತ್ತದೆ. ಕಳೆದ ಮಳೆಗಾಲದಲ್ಲಿ ವೈಪರ್ ಹಾಕಿಕೊಂಡು, ಹೆಡ್‌ಲೈಟ್ ಹಾಕಿಕೊಂಡು ಮುಕ್ಕಾಲು ಗಂಟೆ ನಿಂತಿದ್ದಾಗಲೂ ವೋಲ್ಟ್‌ಮೀಟರಿನ ಮುಳ್ಳು 13.2ರಿಂದ ಕೆಳಗೆ ಬರಲಿಲ್ಲ. ನಿಮ್ಮ ಕಾರಿನಲ್ಲಿ ಡೈನಮೋ ಇದ್ದರೆ ಇಷ್ಟನ್ನು ಮಾಡಿಸಿ. ಈಗಾಗಲೇ 45ರ ಆಲ್ಟರ್ನೇಟರ್ ಇದ್ದು ಎಸಿ ಇಲ್ಲದಿದ್ದರೆ ಬದಲಿಸುವ ಅಗತ್ಯವೇ ಇಲ್ಲ. ಯಾವುದಕ್ಕೂ ಜೆ.ಸಿ. ರಸ್ತೆಗೆ ಹೊರಡುವ ಮುಂಚೆ ಒಂದು ಭಾನುವಾರ ಬಾನೆಟ್ ಎತ್ತಿ, ಅರ್ತ್ ಪಟ್ಟಿಯನ್ನು ಬಿಚ್ಚಿ ನೋಡಿ.